ಹಿಂಡಿ ಡಿಪೋದ ಹಲಗೆಯ ಮೇಲೆ ನನ್ನ ಸಹಿ

ಪುತ್ತೂರಿನ ಹಿಂಡಿ ಡಿಪೋದ ಹಲಗೆಗೆ ಮೊಳೆ ಹೊಡೆದು ಹಾಕಿದ್ದ ಆ ಹಾಳೆಯ ಕೆಳಗಿದ್ದ ಸಹಿ ನನ್ನದು. "ನೆಲಗಡಲೆ ಹಿಂಡಿ ಪುಡಿ. ಪ್ರೋಟೀನ್ ನೂರಕ್ಕೆ ನಲವತ್ತೈದು" ಎಂದು ಬರೆದದ್ದೂ ನಾನೇ, ನನ್ನದೇ ದುಂಡು ಅಕ್ಷರದಲ್ಲಿ. ಸಂಜೆ ಮನೆಗೆ ಹೋಗುವಾಗ ಬೇಕೆಂದೇ ಡಿಪೋದ ಮುಂದೆ ಸುತ್ತು ಹಾಕಿ ಅದನ್ನು ನೋಡಿ ಹೋಗುವಷ್ಟು ಹೆಮ್ಮೆ ನನಗಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಬೇರೆಯವರ ಮೇಲೆ ಹರಿಹಾಯುವಾಗ ನನ್ನನ್ನೂ ಬಿಟ್ಟಿಲ್ಲ ಎಂಬುದು ಓದುವವರಿಗೆ ಗೊತ್ತಿರಲಿ.

ಅರುವತ್ತರ ದಶಕದ ನಡುವಿನ ಮಾತು. ಬಸ್ ನಿಲ್ದಾಣದ ಹಿಂದೆ ಬಾಡಿಗೆ ಮನೆಯೊಂದರ ಎರಡು ಕೋಣೆಗಳಲ್ಲಿ ನಮ್ಮ ಪಶು ಆಹಾರ ಪರೀಕ್ಷಾ ಕೇಂದ್ರ ಇತ್ತು. ನಾನು ಅಲ್ಲಿನ ಪರೀಕ್ಷಕಿ. ನನ್ನ ಮೇಲೆ ಘಟ್ಟದ ಮೇಲಿನಿಂದ ಬಂದ ಒಬ್ಬ ಅಧಿಕಾರಿ. ಊರಿನ ಗಿಡ್ಡ ದನಗಳಿಗೆ ಪ್ರೋಟೀನ್ ತಿನ್ನಿಸಿದರೆ ಹಾಲು ಹೆಚ್ಚುತ್ತದೆ, ಹಾಲು ಹೆಚ್ಚಿದರೆ ಮಕ್ಕಳ ಮೈಗೆ ಪ್ರೋಟೀನ್ ಹೋಗುತ್ತದೆ ಎಂಬ ಯೋಜನೆ ಆಗ ನಡೆಯುತ್ತಿತ್ತು. ಯೋಜನೆ ಕೆಟ್ಟದ್ದೇನಲ್ಲ. ಡಿಪೋಗೆ ಬಂದ ಹಿಂಡಿಯಲ್ಲಿ ಪ್ರೋಟೀನ್ ಎಷ್ಟಿದೆ ಎಂದು ನೋಡಿ ಹೇಳುವುದು ನನ್ನ ಪಾಲಿನ ಕೆಲಸ.

ಆದರೆ ಪ್ರೋಟೀನನ್ನು ನಾವು ನೇರವಾಗಿ ಅಳೆಯುತ್ತಿರಲಿಲ್ಲ. ಅಳೆಯುತ್ತಿದ್ದದ್ದು ಅದರೊಳಗಿನ ಸಾರಜನಕವನ್ನು. ಒಂದು ಗ್ರಾಂ ಹಿಂಡಿಯನ್ನು ಉದ್ದ ಕುತ್ತಿಗೆಯ ಫ್ಲಾಸ್ಕಿಗೆ ಹಾಕಿ, ಗಂಧಕಾಮ್ಲ ಸುರಿದು, ಚಿಟಿಕೆ ಮೈಲುತುತ್ತು ಸೇರಿಸಿ, ಕರಿ ಕಷಾಯದಂತಿದ್ದದ್ದು ತಿಳಿ ಹಸಿರಾಗುವ ತನಕ ಗಂಟೆಗಟ್ಟಲೆ ಕುದಿಸಬೇಕು. ಆರಿದ ಮೇಲೆ ಕಾಸ್ಟಿಕ್ ಸೋಡಾ ಹಾಕಿ ಬಟ್ಟಿ ಇಳಿಸಿದರೆ ಸಾರಜನಕವೆಲ್ಲ ಅಮೋನಿಯ ಆಗಿ ಹೊರಗೆ ಬರುತ್ತದೆ. ಅದನ್ನು ಆಮ್ಲದಲ್ಲಿ ಹಿಡಿದು, ಎಷ್ಟು ಬಂತೆಂದು ನೋಡಿ, ಆರೂಕಾಲರಿಂದ ಗುಣಿಸಿದರೆ ಪ್ರೋಟೀನ್. ಹೊಗೆ ನೋಡಿ ಒಲೆಯ ಮೇಲೆ ಇಂಥದೇ ಅಡಿಗೆ ಇದೆ ಎಂದು ಹೇಳಿದ ಹಾಗೆ. ಅಡಿಗೆ ಮಾಡುವವರು ಪ್ರಾಮಾಣಿಕರಾಗಿದ್ದರೆ ಆ ಲೆಕ್ಕ ಸರಿಯೇ.

ಅದುವರೆಗೆ ಡಿಪೋಗೆ ಬರುತ್ತಿದ್ದದ್ದು ಗಾಣದಿಂದ ಇಳಿಸಿದ ಬಿಲ್ಲೆ ಹಿಂಡಿ, ಕತ್ತಿಯಲ್ಲಿ ಕುಟ್ಟಿ ಒಡೆಯಬೇಕಾದಷ್ಟು ಗಟ್ಟಿ. ಆ ವರ್ಷ ಹೊರಗಿನ ಸರಬರಾಜುದಾರನೊಬ್ಬ ಹಿಂಡಿಯನ್ನು ಪುಡಿ ಮಾಡಿ ಗೋಣಿಯಲ್ಲಿ ಕಳಿಸತೊಡಗಿದ. ದನಕ್ಕೆ ಕಲಸಿ ಕೊಡಲು ಸುಲಭ ಎಂದು ಎಲ್ಲರಿಗೂ ಖುಷಿ. ಪರೀಕ್ಷೆಯಲ್ಲಿ ನಲವತ್ತೈದು ಬಂತು. ಎರಡನೆಯ ಸಲ ನೋಡಿದೆ, ಅಷ್ಟೇ ಬಂತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ನಾನು ಸಹಿ ಹಾಕಿದೆ.

ಮಳೆಗಾಲಕ್ಕೆ ಮುಂಚೆ ತೋಟಕ್ಕೆ ಮದ್ದು ಬಿಡುವ ದಿನಗಳು ಬಂದವು. ಅಡಿಕೆಗೆ ಕೊಳೆರೋಗ ಬಾರದಿರಲೆಂದು ಮೈಲುತುತ್ತು ಮತ್ತು ಸುಣ್ಣ ಕಲಸಿ ಹೊಡೆಯುವುದಕ್ಕೆ ಇಲ್ಲಿ ಹಾಗೆ ಹೇಳುವುದು. ಆ ದಿನಗಳಲ್ಲೇ ಪೆರಾಬೆಯಲ್ಲಿ ಎರಡು ದನ ಸತ್ತವು, ಸುಳ್ಯದ ಕಡೆ ಆಲೆಟ್ಟಿಯಲ್ಲಿ ಒಂದು. ಮೂರೂ ಹಾಲು ಕೊಡುವ ದನಗಳು, ಮೂರೂ ಬೆಳಿಗ್ಗೆ ಚೆನ್ನಾಗಿದ್ದು ಮಧ್ಯಾಹ್ನಕ್ಕೆ ಮುಂಚೆ ಬಿದ್ದವು. ನಮ್ಮ ಅಧಿಕಾರಿಯೂ ಸೇರಿ ಮೂವರ ತಂಡ ವಿಚಾರಣೆಗೆ ಹೋಯಿತು. ನಾಲ್ಕೇ ದಿನದಲ್ಲಿ ವರದಿ ತಯಾರು. ಮದ್ದು ಬಿದ್ದ ಹುಲ್ಲನ್ನು ಮೇಯಿಸಿದ್ದರಿಂದ ಮೈಲುತುತ್ತಿನ ವಿಷವೇರಿ ಮರಣ. ಸಾಕಿದವರ ಅಜಾಗರೂಕತೆಯೇ ಕಾರಣ. ಅದರ ಪ್ರತಿ ಫೈಲಿಗೆ ಸೇರಿಸಲು ನನ್ನ ಮೇಜಿಗೆ ಬಂತು. ಓದಿದಾಗ ನನಗೆ ಆದದ್ದು ಸಮಾಧಾನ. ಹಿಂಡಿಯ ಹೆಸರು ಅದರಲ್ಲಿ ಎಲ್ಲೂ ಇರಲಿಲ್ಲವಲ್ಲ!

ಆ ಸಮಾಧಾನ ಕೆಡಿಸಿದವರು ಪಶು ಆಸ್ಪತ್ರೆಯ ಕಂಪೌಂಡರ್. ವಯಸ್ಸಾದ ಬ್ಯಾರಿ ಮುಸಲ್ಮಾನರು, ಊರಿಗೆಲ್ಲ ಅವರು ಕಾಕ. ದನದ ವಿಷಯದಲ್ಲಿ ಡಾಕ್ಟರಿಗಿಂತ ಅವರನ್ನೇ ಜನ ಹೆಚ್ಚು ನಂಬುತ್ತಿದ್ದರು. ಆಲೆಟ್ಟಿಯ ದನದ ಹೊಟ್ಟೆ ಸೀಳುವಾಗ ಜೊತೆಗಿದ್ದವರೂ ಅವರೇ.

"ಮೈಲುತುತ್ತು ತಿಂದ ದನವನ್ನು ನಾನು ನೋಡಿದವ, ಅಮ್ಮ," ಎಂದರು. "ಸೆಗಣಿ ನೀಲಿ-ಹಸ್ರು ಆಗ್ತದೆ. ಎರಡು ದಿನ ನರಳ್ತದೆ. ಇದು ಹಾಗಲ್ಲ. ಹಿಂಡಿ ಕಲಸಿದ ಅಕ್ಕಚ್ಚು ಕುಡಿದು ಅರ್ಧ ಗಂಟೆ ಆಗ್ಲಿಲ್ಲ, ನಡುಗ್ಲಿಕ್ಕೆ ಸುರು. ಹೊಟ್ಟೆ ಉಬ್ಬಿ, ನೊರೆ ಕಾರಿ ಬಿದ್ದದ್ದೇ. ಹೊಟ್ಟೆ ಸೀಳಿದಾಗ ನನ್ನ ಕಣ್ಣಲ್ಲಿ ನೀರು ಬಂತು."

"ಪಾಪ ಅಂತ ಕಂಡಿತಾ ಕಾಕ?"

"ಪಾಪ ಅಂತಲ್ಲ ಅಮ್ಮ, ಘಾಟಿಗೆ. ಮೂಗು ಕಟ್ಟುವ ಘಾಟು."

"ಡಾಕ್ಟ್ರಿಗೆ ಹೇಳ್ಲಿಲ್ವಾ?"

"ಹೇಳಿದೆ. ಕಂಪೌಂಡರನ ಮೂಗನ್ನು ರಿಪೋರ್ಟಿನಲ್ಲಿ ಬರಿಲಿಕ್ಕೆ ಆಗುದಿಲ್ಲ ಅಂದ್ರು."

ಮೂಗು ಕಟ್ಟುವ ಘಾಟು ಎಂದರೆ ನನಗೆ ನೆನಪಾದದ್ದು ಒಂದೇ, ದಿನವೂ ಬಟ್ಟಿ ಇಳಿಸುವಾಗ ನನ್ನ ಮುಖಕ್ಕೆ ಹೊಡೆಯುವ ಅಮೋನಿಯ.

ಆ ಭಾನುವಾರ ಕಾಕನ ಜೊತೆ ಬಸ್ಸಿನಲ್ಲಿ ಸುಳ್ಯಕ್ಕೆ ಹೋಗಿ, ಅಲ್ಲಿಂದ ನಡೆದು ಆಲೆಟ್ಟಿ ಸೇರಿದೆ. ದನ ಕಳೆದುಕೊಂಡಾಕೆ ಗೌಡರ ಮನೆಯ ಹೆಂಗಸು, ನಲವತ್ತೈದು ದಾಟಿರಬೇಕು. ಅಂಗಳದಲ್ಲಿ ಭತ್ತ ಗೇರುತ್ತಿದ್ದವಳು ನಮ್ಮನ್ನು ಕಂಡು ಎದ್ದು ನಿಂತಳು. ಕಾಕ ನನ್ನನ್ನು ತೋರಿಸಿ, ಹಿಂಡಿ ಪರೀಕ್ಷೆ ಮಾಡುವವರು ಇವರೇ ಎಂದರು.

"ಆ ಹಲಗೆಯಲ್ಲಿ ಬರೆದವರಾ?"

ಹೌದು ಎಂದೆ.

"ನನ್ನ ಮೈದುನ ಅಲ್ಲಿ ಓದಿ ಬಂದು ಹೇಳಿದ್ದು. ಸರ್ಕಾರದವರು ಸೈನು ಹಾಕಿದ್ದಾರೆ, ಭಾರೀ ಒಳ್ಳೆ ಹಿಂಡಿ ಅಂತೆ ಅಂತ. ಹಾಗೆ ತಂದದ್ದು ಅಕ್ಕ."

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಮೇಲಾಗುತ್ತಿತ್ತು. ನೆರೆಕರೆಯವರು ಅವಳ ಮನೆಗೆ ಬರುವುದನ್ನು ಬಿಟ್ಟಿದ್ದರು. ಕುತ್ತಿಗೆಯಲ್ಲಿ ಹಗ್ಗ ಇರುವಾಗಲೇ ದನ ಸತ್ತರೆ ಅದು ಮನೆಯವರಿಗೆ ದೋಷ. ಅದರ ಮೇಲೆ ಸರ್ಕಾರವೇ ಕಾಗದ ಬರೆದು ಇವಳೇ ವಿಷ ತಿನ್ನಿಸಿದ್ದು ಎಂದ ಮೇಲೆ ಕೇಳಬೇಕೇ? ಹಟ್ಟಿಯಲ್ಲಿ ಇನ್ನೊಂದು ಮುದಿ ದನ ಇತ್ತು. ಅದು ಕೊಡುವ ಒಂದಿಷ್ಟು ಹಾಲನ್ನು ಪಕ್ಕದ ಮನೆಯ ಅಜ್ಜಿ ದಿನವೂ ಒಯ್ಯುತ್ತಿದ್ದವಳು, ದನ ಕೊಂದವಳ ಕೈಯ ಹಾಲು ಬೇಡ ಎಂದು ತಂಬಿಗೆಯನ್ನು ಕವುಚಿ ಹಾಕಿ ಹೋಗಿದ್ದಳಂತೆ.

"ದಿನಾ ಎಂತ ಕೊಡುದು, ಹೇಗೆ ಕೊಡುದು, ಒಮ್ಮೆ ಮಾಡಿ ತೋರಿಸಿ" ಎಂದೆ. ಅವಳು ಹಟ್ಟಿಯ ಬಾಗಿಲಲ್ಲಿದ್ದ ಮರಿಗೆ ಎಂಬ ಕಲ್ಲಿನ ತೊಟ್ಟಿಯನ್ನು ತೋರಿಸಿದಳು. ಅಕ್ಕಿ ತೊಳೆದ ನೀರು, ಗಂಜಿಯ ತಿಳಿ, ಮಜ್ಜಿಗೆ ಪಾತ್ರೆ ತೊಳೆದ ನೀರು ಎಲ್ಲ ಅದರಲ್ಲಿ ಒಟ್ಟು ಸೇರುತ್ತದೆ. ಅದೇ ಅಕ್ಕಚ್ಚು. ಹಿಂಡಿಯನ್ನು ಅದರಲ್ಲೇ ನೆನೆಹಾಕಿ, ಬೆಳಿಗ್ಗೆ ಹಾಲು ಕರೆಯುವ ಮುಂಚೆ ಬೆಚ್ಚಗೆ ಮಾಡಿ, ಹಸಿದ ದನದ ಮುಂದೆ ಇಡುವುದು. ದನ ಮೂತಿ ಅದ್ದಿದರೆ ತಳ ನೆಕ್ಕಿಯೇ ತಲೆ ಎತ್ತುವುದು. ಈ ಸೀಮೆಯಲ್ಲಿ ಮನೆ ಮನೆಯಲ್ಲೂ ಹೀಗೆಯೇ.

"ಮುದಿ ದನಕ್ಕೆ?"

"ಅದಕ್ಕೆ ಬರೀ ಅಕ್ಕಚ್ಚು. ಜಾಸ್ತಿ ಹಾಲು ಕೊಡುವುದಕ್ಕೆ ಮಾತ್ರ ಹಿಂಡಿ ಹಾಕಿದ್ದು."

"ಮದ್ದು ಯಾವಾಗ ಬಿಟ್ಟದ್ದು ತೋಟಕ್ಕೆ?"

ಅವಳು ಒಳಗೆ ಹೋಗಿ ಅಟ್ಟದಿಂದ ಒಂದು ಕಟ್ಟು ಇಳಿಸಿ ತಂದಳು. ಅಡಿಕೆ ಹಾಳೆಯಲ್ಲಿ ಸುತ್ತಿ ಬಾಳೆಬಳ್ಳಿಯಲ್ಲಿ ಬಿಗಿದಿದ್ದ ಮೈಲುತುತ್ತು. ಬಳ್ಳಿ ಒಣಗಿ ಗಂಟಿನ ಸಮೇತ ಹಾಗೇ ಇತ್ತು.

"ಬಿಡ್ಲೇ ಇಲ್ಲ ಅಕ್ಕ. ಮದ್ದು ಬಿಡುವವ ಬರ್ಲಿಲ್ಲ. ಅಟ್ಟದಲ್ಲಿ ಇದ್ದದ್ದು ದನದ ಹೊಟ್ಟೆಗೆ ಹೇಗೆ ಹೋಗುದು?"

"ಇದನ್ನು ಅವರಿಗೆ ಹೇಳ್ಲಿಲ್ವಾ ನೀವು?"

"ಅವರು ಇಲ್ಲಿಗೆ ಬಂದ್ರೆ ಅಲ್ವಾ ತೋರಿಸುದು? ಸುಳ್ಯದ ಬಂಗ್ಲೆಗೆ ಬರ್ಲಿಕ್ಕೆ ಹೇಳಿದ್ರು. ತೋಟ ಉಂಟಾ ಕೇಳಿದ್ರು. ಉಂಟು ಅಂದೆ. ಮೈಲುತುತ್ತು ಉಂಟಾ ಕೇಳಿದ್ರು. ಉಂಟು ಅಂದೆ. ಆಯ್ತು ಹೋಗು ಅಂದ್ರು."

ಈಗಲೂ ಈ ಮಾತು ನೆನಪಾದರೆ ನನ್ನ ಮೈ ಉರಿಯುತ್ತದೆ. ಮೂವರು ಓದಿದ ಗಂಡಸರು. ಬಂಗಲೆಯಿಂದ ಈ ಮನೆಗೆ ನಡೆದು ಬರಬಹುದಾದ ದಾರಿ. ಎರಡು ಪ್ರಶ್ನೆಗೆ ಎರಡು "ಉಂಟು" ಕೇಳಿ, ಒಬ್ಬಳನ್ನು ಊರೆಲ್ಲ ದನ ಕೊಂದವಳು ಎನ್ನುವ ಹಾಗೆ ಮಾಡಿ, ಕಾಫಿ ಕುಡಿದು ಜೀಪು ಹತ್ತಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಎಂದರೆ ಇದೇ.

ಉಳಿದಿದ್ದ ಹಿಂಡಿಯನ್ನು ಕೊಡಲು ಕೇಳಿದೆ. ಗೋಣಿಯನ್ನೇ ತಂದಿಟ್ಟಳು. ಜೊತೆಗೆ ಮೈಲುತುತ್ತಿನ ಕಟ್ಟನ್ನೂ ನನ್ನ ಕೈಗೆ ಕೊಟ್ಟಳು. "ಇದನ್ನೂ ಕೊಂಡುಹೋಗಿ. ಮನೆಯಲ್ಲಿ ಇಟ್ಟುಕೊಳ್ಳಲಿಕ್ಕೆ ಹೆದರಿಕೆ ಆಗ್ತದೆ."

ನಿಜವಾದ ಪ್ರೋಟೀನನ್ನು ಬೇರೆ ಮಾಡಿ ನೋಡುವ ಒಂದು ಹಳೆಯ ವಿಧಾನ ಕಾಲೇಜಿನ ನೋಟ್ಸಿನಲ್ಲಿತ್ತು. ಹಿಂಡಿಯನ್ನು ನೀರಿನಲ್ಲಿ ಕುದಿಸಿ, ಮೈಲುತುತ್ತಿನ ದ್ರಾವಣ ಹಾಕಿ, ಮೇಲಿಂದ ಕಾಸ್ಟಿಕ್ ಸೋಡಾ ಹನಿ ಹನಿಯಾಗಿ ಬಿಟ್ಟರೆ ಪ್ರೋಟೀನ್ ಮೈಲುತುತ್ತಿನೊಳಗಿನ ತಾಮ್ರದ ಜೊತೆ ಸೇರಿ ತಳಕ್ಕೆ ಕೂರುತ್ತದೆ. ಪ್ರೋಟೀನ್ ಅಲ್ಲದ, ನೀರಿನಲ್ಲಿ ಕರಗುವ ಸಾರಜನಕ ಸೋಸಿದ ನೀರಿನೊಡನೆ ಇಳಿದು ಹೋಗುತ್ತದೆ. ಕೂತದ್ದನ್ನು ಮಾತ್ರ ತೆಗೆದು ಮತ್ತೆ ಗಂಧಕಾಮ್ಲದಲ್ಲಿ ಕುದಿಸಿ ಸಾರಜನಕ ನೋಡಬೇಕು. ನಮ್ಮ ಮೈಲುತುತ್ತಿನ ಜಾಡಿಯ ತಳದಲ್ಲಿ ಎರಡು ಚಿಟಿಕೆ ಉಳಿದಿತ್ತು ಅಷ್ಟೆ. ಹೊಸದಕ್ಕೆ ಬರೆದ ಬೇಡಿಕೆ ಪತ್ರ ಎರಡು ತಿಂಗಳಿಂದ ಯಾರದೋ ಮೇಜಿನಲ್ಲಿ ಮಲಗಿತ್ತು. ನಾನು ಆಲೆಟ್ಟಿಯ ಕಟ್ಟನ್ನು ಬಿಚ್ಚಿದೆ. ತೋಟದ ಮೈಲುತುತ್ತು ಪ್ರಯೋಗಾಲಯಕ್ಕೆ ಆಗುವಷ್ಟು ಶುದ್ಧವಲ್ಲ. ಅದನ್ನು ಬಿಸಿ ನೀರಿನಲ್ಲಿ ಕರಗಿಸಿ, ಸೋಸಿ, ಹರಳು ಕಟ್ಟಿಸಿದೆ. ಹಿಂಡಿಯನ್ನೇ ಹಾಕದೆ ಒಂದು ಸಲ ಇಡೀ ಪರೀಕ್ಷೆ ನಡೆಸಿ, ಅದರಿಂದ ಸಾರಜನಕ ಬರುವುದಿಲ್ಲ ಎಂದು ಖಚಿತ ಮಾಡಿಕೊಂಡೆ.

ಮೊದಲ ಸಲ ಕಾಸ್ಟಿಕ್ ಹೆಚ್ಚಾಗಿ, ಕೂತದ್ದು ಅರ್ಧ ಮತ್ತೆ ಕರಗಿಹೋಯಿತು. ಎರಡನೆಯ ಸಲ ಸೋಸುವ ಕಾಗದ ಕಟ್ಟಿಕೊಂಡು ಹನಿ ಇಳಿಯಲೇ ಇಲ್ಲ. ಮೂರನೆಯ ಸಲ ಕುದಿಯುತ್ತಿದ್ದ ಫ್ಲಾಸ್ಕ್ ಎಗರಿ ಒಡೆಯಿತು. ಮೊಣಕೈಯ ಹತ್ತಿರ ಆಮ್ಲ ಬಿದ್ದ ಕಲೆ ನನ್ನಲ್ಲಿ ಇನ್ನೂ ಉಂಟು. ನಾಲ್ಕನೆಯ ಸಲಕ್ಕೆ ಕೈ ಕುದುರಿತು. ಮೊದಲು ಹಳೆಯ ಬಿಲ್ಲೆ ಹಿಂಡಿಯನ್ನು ಎರಡೂ ವಿಧಾನದಲ್ಲಿ ನೋಡಿದೆ. ಎರಡರಲ್ಲೂ ಹತ್ತಿರ ಹತ್ತಿರ ಒಂದೇ ಅಂಕಿ. ವಿಧಾನ ಸುಳ್ಳು ಹೇಳುತ್ತಿಲ್ಲ ಎಂದಾಯಿತು. ಆಮೇಲೆ ಆಲೆಟ್ಟಿಯ ಗೋಣಿಯ ಪುಡಿ. ಮಾಮೂಲು ವಿಧಾನದಲ್ಲಿ ಅದೇ ನಲವತ್ತೈದು. ತಾಮ್ರದಲ್ಲಿ ಕೂರಿಸಿ ನೋಡಿದರೆ ಇಪ್ಪತ್ತೊಂದು.

ಹಿಂಡಿಯ ನೆನೆನೀರನ್ನು ಸೋಸಿ ಕಾಸ್ಟಿಕ್ ಹಾಕಿ ಕಾಯಿಸಿದೆ. ಅಮೋನಿಯ ಮುಖಕ್ಕೆ ಹೊಡೆಯಿತು. ಯೂರಿಯ ಎಂಬ ಬಿಳಿ ಗೊಬ್ಬರ ಆಗಷ್ಟೇ ನಮ್ಮ ಕಡೆಗೆ ಬರತೊಡಗಿತ್ತು. ಅದರ ತುಂಬ ಸಾರಜನಕ, ಪ್ರೋಟೀನ್ ಒಂದು ಕಣ ಇಲ್ಲ. ದನದ ಹೊಟ್ಟೆ ಸೇರಿದರೆ ಅದು ಅಮೋನಿಯವಾಗಿ ವಿಷವೇರುತ್ತದೆ. ಸಿಪ್ಪೆ ಗಿಪ್ಪೆ ಅರೆದು ಹಾಕಿದ ಹಿಂಡಿಗೆ ಒಂದಷ್ಟು ಯೂರಿಯ ಬೆರೆಸಿದರೆ ಸಾಕು, ನನ್ನಂಥವಳು ಆರೂಕಾಲರಿಂದ ಗುಣಿಸಿ ಸಹಿ ಹಾಕಿ ಕೊಡುತ್ತಾಳೆ. ಆ ಸರಬರಾಜುದಾರನಿಗೆ ನನ್ನ ವಿಧಾನ ನನಗಿಂತ ಚೆನ್ನಾಗಿ ಗೊತ್ತಿತ್ತು.

ಎಲ್ಲವನ್ನೂ ಬರೆದು ಅಧಿಕಾರಿಯ ಮುಂದಿಟ್ಟೆ. ಅವರು ಪೂರ್ತಿ ಓದಿದರು, ಅಷ್ಟರ ಮಟ್ಟಿಗೆ ಹೇಳಬೇಕು.

"ನೋಡಮ್ಮ, ನಮಗೆ ಕೊಟ್ಟಿರೋ ವಿಧಾನ ಒಂದೇ. ಅದರಲ್ಲಿ ಸಾರಜನಕ ಸರಿಯಾಗಿದೆ ತಾನೆ? ನೀನು ಬರೆದದ್ದರಲ್ಲಿ ತಪ್ಪೇ ಇಲ್ಲ. ಇಲ್ಲದ ತಪ್ಪನ್ನ ಯಾಕೆ ಮೈಮೇಲೆ ಎಳ್ಕೋತೀಯ?"

"ಸಾರ್, ದನಗಳು ಸತ್ತಿವೆ."

"ಇದೇ ಮಾಲು ಘಟ್ಟದ ಮೇಲೂ ಹೋಗಿದೆ. ಅಲ್ಲಿ ಒಂದು ದನಾನೂ ಸತ್ತಿಲ್ಲ. ಹಿಂಡೀಲಿ ವಿಷ ಇದ್ರೆ ಅಲ್ಲೂ ಸಾಯ್ಬೇಕಿತ್ತಲ್ಲ?"

ಅಲ್ಲಿ ಹಿಂಡಿಯನ್ನು ಹುಲ್ಲಿನ ಜೊತೆ ಒಣಗಿದ್ದನ್ನೇ ಕೊಡುತ್ತಾರೆ, ದೊಡ್ಡ ದನ, ನಿಧಾನಕ್ಕೆ ಮೇಯುತ್ತದೆ. ಇಲ್ಲಿ ಅಕ್ಕಚ್ಚಿನಲ್ಲಿ ಯೂರಿಯ ಪೂರ್ತಿ ಕರಗಿರುತ್ತದೆ, ಕರುವಿನಷ್ಟೇ ಇರುವ ಗಿಡ್ಡ ದನ ಬರಿ ಹೊಟ್ಟೆಗೆ ಒಂದೇ ಉಸಿರಿಗೆ ಕುಡಿಯುತ್ತದೆ ಎಂದು ಬಿಡಿಸಿ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

"ಹಾಗಾದ್ರೆ ಇಲ್ಲಿಯವರು ಕೊಡೋ ರೀತೀನೇ ತಪ್ಪು ಅಂತಾಯ್ತಲ್ಲ."

ನೋಡಿ ಇವರ ಜಾಣತನ! ಹೇಗೆ ಬಿದ್ದರೂ ತಪ್ಪು ದನ ಸಾಕಿದವಳದ್ದೇ. ಅಜ್ಜಿಯ ಕಾಲದಿಂದ ಅಕ್ಕಚ್ಚು ಕುಡಿದು ಬದುಕಿದ ದನಗಳಿಗೆ ಗೊಬ್ಬರ ಕುಡಿಸಿದವನದ್ದಲ್ಲ, ಅದಕ್ಕೆ ಕಣ್ಣು ಮುಚ್ಚಿ ಅಂಕಿ ಕೊಟ್ಟವರದ್ದೂ ಅಲ್ಲ. ನನ್ನ ಕಾಗದ ಫೈಲಿನೊಳಗೆ ಹೋಯಿತು. ಮೇಲಿನಿಂದ ಉತ್ತರ ಬರಲಿ, ನೋಡೋಣ ಎಂದರು. ಮೈಲುತುತ್ತಿಗೆ ಬರೆದ ಬೇಡಿಕೆಗೆ ಎಂಥ ಉತ್ತರ ಬಂದಿತ್ತೆಂದು ನನಗೆ ಗೊತ್ತಿತ್ತಲ್ಲ. ಅಷ್ಟರಲ್ಲಿ ಡಿಪೋದ ಮುಂದೆ ಗೋಣಿಗಳು ತೂಗುತ್ತಲೇ ಇದ್ದವು, ತಲೆಯ ಮೇಲೆ ನನ್ನ ಸಹಿಯನ್ನು ಇಟ್ಟುಕೊಂಡು.

ಮರುದಿನ ಬೆಳಿಗ್ಗೆ ಕೇಂದ್ರಕ್ಕೆ ಹೋಗುವ ಬದಲು ನೇರ ಡಿಪೋಗೆ ಹೋದೆ. ಹಳೆಯ ಹಾಳೆ ಕಿತ್ತೆ. ಅದೇ ಮೊಳೆಗೆ ಹೊಸತನ್ನು ಚುಚ್ಚಿದೆ. "ಈ ಪುಡಿಯಲ್ಲಿ ನಲವತ್ತೈದು ಪ್ರೋಟೀನ್ ಇದೆ ಎಂದು ನಾನು ಬರೆದದ್ದು ತಪ್ಪು. ಇದರಲ್ಲಿ ಯೂರಿಯ ಬೆರೆತಿದೆ. ದನಗಳಿಗೆ ಕೊಡಬೇಡಿ. ಅಕ್ಕಚ್ಚಿನಲ್ಲಿ ಹಾಕಲೇ ಬೇಡಿ." ಕೆಳಗೆ ಅದೇ ಸಹಿ. ಡಿಪೋದವರು ಓಡಿ ಬಂದು, "ಎಂತ ಮಾರಾಯ್ರೆ, ಆರ್ಡರ್ ಉಂಟಾ ಇದಕ್ಕೆ?" ಎಂದರು. ಮೊದಲಿನದಕ್ಕೆ ಸಾಕಾದ ಸಹಿ ಇದಕ್ಕೂ ಸಾಕು ಎಂದೆ. ಗೋಣಿ ಹೊತ್ತು ಹೊರಟಿದ್ದ ಇಬ್ಬರು ಅದನ್ನು ಓದಿಸಿ ಕೇಳಿ, ಗೋಣಿಯನ್ನು ಅಲ್ಲೇ ಇಳಿಸಿದರು.

ಇದರ ಫಲವನ್ನು ಇಲ್ಲೇ ಹೇಳಿ ಮುಗಿಸುತ್ತೇನೆ, ಏಕೆಂದರೆ ಅದು ಕೊನೆಯಲ್ಲಿ ಇಡುವಂಥದ್ದಲ್ಲ. ಅಪ್ಪಣೆಯಿಲ್ಲದೆ ಪ್ರಕಟಣೆ ಹಾಕಿದ್ದಕ್ಕೆ ಸಮಜಾಯಿಷಿ ಕೇಳಿ ನೋಟೀಸು ಬಂತು. ಮೂರು ತಿಂಗಳಲ್ಲಿ ನನ್ನನ್ನು ದೂರದ ಊರಿಗೆ ಎತ್ತಿ ಹಾಕಿದರು. ಪುಡಿ ಹಿಂಡಿ ಪುತ್ತೂರಿಗೆ ಬರುವುದು ನಿಂತಿತು. ಆ ಸರಬರಾಜುದಾರ ಗೋಣಿಯ ಮೇಲಿನ ಮುದ್ರೆ ಬದಲಾಯಿಸಿ ಬೇರೆ ಕಡೆ ಮಾರಿದ ಎಂದು ಕೇಳಿದೆ. ಅವನಿಗೆ ಏನೂ ಆಗಲಿಲ್ಲ. ಮೂವರ ವರದಿಯನ್ನು ಯಾರೂ ತಿದ್ದಲಿಲ್ಲ. ಅದು ಈಗಲೂ ಯಾವುದೋ ಕಪಾಟಿನಲ್ಲಿ, ಮೈಲುತುತ್ತು ಎಂದೇ ಹೇಳುತ್ತಾ ಕೂತಿರಬೇಕು.

ನೋಟೀಸು ಬರುವ ಮೊದಲಿನ ಭಾನುವಾರ ನಾನು ಮತ್ತು ಕಾಕ ಮತ್ತೆ ಆಲೆಟ್ಟಿಗೆ ಹೋದೆವು. ಹಲಗೆಯ ಮೇಲೆ ಹಾಳೆ ಹಾಕಿದರೆ ಪುತ್ತೂರಿಗೆ ತಿಳಿಯಬಹುದು, ಅವಳ ಅಂಗಳಕ್ಕೆ ಬಾರದವರಿಗೆ ತಿಳಿಯುವುದಿಲ್ಲವಲ್ಲ. ಕಾಕ ಮನೆ ಮನೆಗೆ ಹೋಗಿ, ದನ ಸತ್ತದ್ದು ಹೇಗೆಂದು ತೋರಿಸುತ್ತಾರೆ, ಬನ್ನಿ ಎಂದು ಕರೆದರು. ಹತ್ತು ಹನ್ನೆರಡು ಮಂದಿ ಬಂದರು. ಪಕ್ಕದ ಮನೆಯ ಅಜ್ಜಿಯೂ ಬಂದು, ಜಗಲಿ ಹತ್ತದೆ, ಅಂಗಳದ ಅಂಚಿನಲ್ಲೇ ನಿಂತಳು.

ಮೂರು ಕಲ್ಲು ಹೂಡಿ ಬೆಂಕಿ ಮಾಡಿದೆ. ಒಂದು ಮಡಕೆಯಲ್ಲಿ ಬಿಲ್ಲೆ ಹಿಂಡಿಯ ನೆನೆನೀರು, ಇನ್ನೊಂದರಲ್ಲಿ ಪುಡಿ ಹಿಂಡಿಯದ್ದು. ಎರಡಕ್ಕೂ ಕಾಸ್ಟಿಕ್ ಸೋಡಾ ಹಾಕಿ ಒಂದಾದ ಮೇಲೊಂದು ಕುದಿಸಿದೆ. ಬಿಲ್ಲೆಯದಕ್ಕೆ ಮೂಗೊಡ್ಡಿದವರು ಸುಮ್ಮನೆ ಹಿಂದೆ ಸರಿದರು. ಪುಡಿಯದ್ದು ಕುದಿ ಬಂದಾಗ ಎಲ್ಲರಿಗಿಂತ ಮೊದಲು ಬಗ್ಗಿದವಳು ದನ ಕಳೆದುಕೊಂಡವಳೇ. ಬಗ್ಗಿದವಳು ಸೆರಗಿನಿಂದ ಬಾಯಿ ಮುಚ್ಚಿ ಕೂತುಬಿಟ್ಟಳು.

"ಇದೇ," ಎಂದಳು. "ಅದರ ಬಾಯಲ್ಲಿ ಬಂದದ್ದು ಇದೇ. ನಾನು ಅದರ ತಲೆ ಮಡಿಲಲ್ಲಿ ಇಟ್ಟುಕೊಂಡಿದ್ದೆ."

ಅಜ್ಜಿ ಅಂಗಳದ ಅಂಚು ಬಿಟ್ಟು ಬಂದಳು. ಮಡಕೆಗೆ ಬಗ್ಗಿ, ಕೆಮ್ಮಿ, ಕಣ್ಣೊರೆಸಿಕೊಂಡು, "ಇದನ್ನು ಕುಡಿದರೆ ಆನೆಯೂ ಸಾಯುದೇ" ಎಂದಳು.

ಮನೆಯಾಕೆ ನನ್ನ ಕಡೆ ತಿರುಗಿದಳು. "ಅಕ್ಕ, ನಾನು ಕೊಂದದ್ದಲ್ಲ ಅಂತ ಬರೆದು ಕೊಡಿ. ಅವರು ಬರೆದದ್ದು ಕಾಗದದಲ್ಲಿ ಅಲ್ವಾ? ನನಗೂ ಕಾಗದ ಬೇಕು."

ಮೂವರ ವರದಿಯ ಪ್ರತಿ ನನ್ನ ಚೀಲದಲ್ಲಿತ್ತು. ಅದರ ಬೆನ್ನಿಗೇ ಬರೆದೆ. ದನ ಸತ್ತದ್ದು ಹಿಂಡಿಗೆ ಬೆರೆಸಿದ ಯೂರಿಯದಿಂದ, ಸಾಕಿದವರಿಂದ ಯಾವ ತಪ್ಪೂ ಆಗಿಲ್ಲ ಎಂದು. ಅವಳ ಮೈದುನ ಎಲ್ಲರೆದುರು ಗಟ್ಟಿಯಾಗಿ ಓದಿದ.

"ಯಾರ ತಪ್ಪು ಅಂತ ಬರೆಯುದಿಲ್ವಾ?" ಎಂದಳು ಅವಳು.

ಕಾಗದ ತಿರುಗಿ ತೆಗೆದುಕೊಂಡು ಬರೆದೆ. ಬೆರೆಸಿದವನದ್ದು, ಮನೆಗೆ ಬಂದು ನೋಡದೆ ವರದಿ ಬರೆದವರದ್ದು, ಹಿಂಡಿ ಒಳ್ಳೆಯದೆಂದು ಮೊದಲು ಸಹಿ ಹಾಕಿದ ನನ್ನದು. ಮೈದುನ ಅದನ್ನೂ ಓದಿದ. ಕಾಕನಿಗೆ ಕಸಿವಿಸಿಯಾಯಿತು.

"ಆ ಕಡೇ ಸಾಲು ಹೊಡೆದು ಹಾಕುವ ಅಲ್ವಾ," ಎಂದರು ಅವಳಿಗೆ. "ಪಾಪ, ಇಷ್ಟೆಲ್ಲ ಮಾಡಿದ್ದು ಅವರೇ. ನಾಳೆ ಇದು ಯಾರ ಕೈಗೆ ಸಿಕ್ಕಿದ್ರೆ ಅವರ ಕೆಲಸಕ್ಕೆ ಕುತ್ತು."

ಅವಳು ಕಾಗದವನ್ನು ಕೈಗೆ ತೆಗೆದುಕೊಂಡಳು. ಓದಲು ಬಾರದಿದ್ದರೂ ಆ ಕೊನೆಯ ಸಾಲಿನ ಮೇಲೆ ಒಮ್ಮೆ ಬೆರಳಾಡಿಸಿ, ನಾಲ್ಕಾಗಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಬೇಡ ಕಾಕ, ಅದು ಇರ್ಲಿ," ಎಂದಳು. "ನಾನು ಹಿಂಡಿ ತಂದದ್ದು ಅವರ ಸೈನು ನೋಡಿಯೇ ಅಲ್ವಾ?"